ಹತ್ತೊಂಬತ್ತನೆಯ ಪ್ರಶ್ನೆ

ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು ಹತ್ತು ದಿನವಾಗಿತ್ತು. ಮೊದಲು ಬೀರುವಿಗೆ ಎದುರಾಗಿ ಕೂರುತ್ತಿದ್ದವಳು ಈಗ ಬೆನ್ನು ಮಾಡಿ ಕೂರುತ್ತಾಳೆ. ಯಾಕೆ ಎಂದು ಕೇಳಿದ ಗುಮಾಸ್ತನಿಗೆ ಕಿಟಕಿಯ ಬೆಳಕು ಕಂಪ್ಯೂಟರಿನ ಮೇಲೆ ಬೀಳುತ್ತದೆ ಎಂದಿದ್ದಳು. ಸುಳ್ಳು. ಆ ಕೋಣೆಯ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಬೆಳಕು ಬಂದದ್ದನ್ನು ಕಂಡವರಿಲ್ಲ. ಬೆನ್ನು ಮಾಡಿದರೆ ಮರೆತೀತು ಅಂದುಕೊಂಡಿದ್ದಳು, ಆದದ್ದು ತದ್ವಿರುದ್ಧ. ಎದುರಿಗಿದ್ದಾಗ ಅದು ಬೂದು ಬಣ್ಣದ, ಎಡಗಡೆ ಬಾಗಿಲು ಸ್ವಲ್ಪ ಜೋತುಬಿದ್ದ ಒಂದು ಕಬ್ಬಿಣದ ಬೀರು, ಅಷ್ಟೆ. ಹಿಂದಕ್ಕೆ ಹೋದ ಮೇಲೆ ಇಡೀ ದಿನ ಅವಳ ಕತ್ತನ್ನೇ ನೋಡತೊಡಗಿತು. ಒಳಗೆ ಆರು ರಟ್ಟಿನ ಪೆಟ್ಟಿಗೆ, ಆರು ಶಾಲೆ, ಆರುನೂರ ಹನ್ನೆರಡು ಲಕೋಟೆ. ಪ್ರತಿಯೊಂದನ್ನೂ ಹದಿಮೂರರಿಂದ ಹದಿನಾರರ ನಡುವಿನ ಒಂದು ಮಗು ತಾನೇ ಅಂಟಿಸಿ, ಅಂಟಿನ ಮೇಲೊಂದು ಹಸಿರು ಚೀಟಿ ಹಚ್ಚಿ ಕೊಟ್ಟದ್ದು. ಮೇಲೆ ಹೆಸರಿಲ್ಲ, ಬರೀ ಒಂದು ಸಂಖ್ಯೆ. ಯಾವ ಸಂಖ್ಯೆ ಯಾವ ಮಗುವಿನದು ಅನ್ನುವ ಪಟ್ಟಿ ಅವಳ ಮೇಜಿನ ಡ್ರಾದಲ್ಲಿ ಬೇರೆ ಬೀಗದೊಳಗಿತ್ತು. ಎರಡೂವರೆ ತಿಂಗಳಾಗಿತ್ತು. ಒಂದನ್ನೂ ತೆರೆದಿರಲಿಲ್ಲ.

ಯಾಕೆ ತೆರೆದಿಲ್ಲ ಅಂತ ಯಾರಾದರೂ ಕೇಳಿದರೆ ಕೊಡಲು ಉತ್ತರ ತಯಾರಿತ್ತು. ಯಾರೂ ಕೇಳಲಿಲ್ಲ ಅನ್ನುವುದೇ ಸಂಕಟ. ಸಂಸ್ಥೆಯ ಕೆಲಸ ಇಷ್ಟು: ಮಕ್ಕಳು ಕುಡಿತಕ್ಕೆ, ಮಾತ್ರೆಗೆ, ಹತಾಶೆಗೆ ಬೀಳುವ ಮುಂಚೆಯೇ ಶಾಲೆಯಲ್ಲಿ ಅವರ ಜೊತೆ ಕೂತು ಮಾತಾಡಿದರೆ ಬೀಳುವುದು ತಪ್ಪೀತೇ ಎಂದು ನೋಡುವುದು. ನಾಲ್ಕು ವರ್ಷದ ಅಧ್ಯಯನ. ಅನುದಾನ ಕಂತಿನಲ್ಲಿ ಬರುವುದು. ವರ್ಷ ಮುಗಿಯುವುದರೊಳಗೆ ‘ಮಾಹಿತಿ ಸಂಗ್ರಹ ಪೂರ್ಣಗೊಂಡಿದೆ’ ಎಂದು ಬರೆದು ಕಳಿಸದಿದ್ದರೆ ಮುಂದಿನ ಕಂತಿನ ಹೆಸರೆತ್ತುವ ಹಾಗಿಲ್ಲ. ಹಾಗಾಗಿ ವರ್ಷದ ಕೊನೆಯ ವಾರ ಬಿದ್ದೂ ಎದ್ದೂ ಓಡಿ ನಾಲ್ಕು ದಿನದಲ್ಲಿ ಆರು ಶಾಲೆ ಮುಗಿಸಿದ್ದರು. ಅದೇ ಶುಕ್ರವಾರ ಇಬ್ಬರು ಆಪ್ತಸಮಾಲೋಚಕರ ಗುತ್ತಿಗೆ ಮುಗಿಯಿತು. ಅದು ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ಹೇಳಿದ್ದಳು, ‘ನೋಡಿ ಮಕ್ಕಳೇ, ಹತ್ತೊಂಬತ್ತನೇ ಪ್ರಶ್ನೆಗೆ ನಿಜ ಹೇಳಿ. ಬದುಕಿರೋದೇ ಬೇಡ ಅಂತ ಅನ್ಸಿದೆಯಾ ಅನ್ನೋ ಪ್ರಶ್ನೆ ಅದು. ಹಲವು ಸಲ, ದಿನವೂ, ಅಂತ ಗುರುತು ಹಾಕಿದವರನ್ನ ಎರಡು ದಿನದೊಳಗೆ ನಮ್ಮವರೊಬ್ಬರು ಬಂದು ಮಾತಾಡಿಸ್ತಾರೆ. ಯಾರಿಗೂ ಗೊತ್ತಾಗಲ್ಲ.’ ಯಾರಿಗೂ ಗೊತ್ತಾಗಲಿಲ್ಲ, ಸರಿಯೇ. ಆ ಮಾತು ಅಷ್ಟರಮಟ್ಟಿಗೆ ನಡೆಯಿತು. ಮಕ್ಕಳು ಅವಳಿಗೆ ‘ಲಕೋಟೆ ಮೇಡಂ’ ಎಂದು ಹೆಸರಿಟ್ಟಿದ್ದರು. ಒಬ್ಬ ಹುಡುಗ ಬಾಗಿಲವರೆಗೂ ಬಂದು, ‘ಮೇಡಂ, ನೀವೇ ಬರ್ತೀರಾ, ಬೇರೆಯವರಾ?’ ಎಂದು ಕೇಳಿದ್ದ. ಅವಳು ನಕ್ಕು ಅವನ ಬೆನ್ನು ತಟ್ಟಿದ್ದಳು.

ಆ ಎರಡು ದಿನದ ನಿಯಮವನ್ನು ಬರೆದವಳೂ ಅವಳೇ. ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿ ನಲವತ್ತೆಂಟು ಗಂಟೆ ಎಂದು ಪಟ್ಟು ಹಿಡಿದಾಗ ನಿರ್ದೇಶಕರು ಅವಳನ್ನು ಕರೆದು ಕೂರಿಸಿಕೊಂಡು, ‘ಯಾವಾಗಿಂದ ನಲವತ್ತೆಂಟು? ಮಗು ಬರೆದಾಗಿಂದ ಅಂದ್ರೆ ಶನಿವಾರ ಭಾನುವಾರಾನೂ ಆರು ಜನ ಬೇಕು. ಎಲ್ಲಿಂದ ತರೋಣ? ಲಕೋಟೆ ತೆರೆದಾಗಿಂದ ಅಂತ ಬರಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ’ ಅಂದಿದ್ದರು. ಆವತ್ತು ಅವಳಿಗೆ ಅದು ಜಾಣತನ ಅನ್ನಿಸಿತ್ತು. ಅನ್ನಿಸಿತ್ತು ಅಂದರೆ ಖುಷಿಯೇ ಆಗಿತ್ತು, ಕಡತ ಮುಂದಕ್ಕೆ ಹೋಯಿತಲ್ಲ ಎಂದು. ಬರೆದ ಮಗುವಿನ ಗಡಿಯಾರ ಬೇರೆ, ಓದುವ ಸಂಸ್ಥೆಯ ಗಡಿಯಾರ ಬೇರೆ ಎಂದು ತಾನೇ ಕೈಯಾರೆ ಬರೆದುಕೊಟ್ಟಳು. ಈಗ ಲಕೋಟೆ ತೆರೆಯುವಂತಿಲ್ಲ. ತೆರೆದರೆ ಗಡಿಯಾರ ಶುರು, ಕಳಿಸಲು ಜನವಿಲ್ಲ, ಕಳಿಸದಿದ್ದರೆ ನಿಯಮಭಂಗ. ತೆರೆಯದಿದ್ದರೆ ಯಾವ ಭಂಗವೂ ಇಲ್ಲ. ಮುಚ್ಚಿದ ಲಕೋಟೆಯೊಳಗೆ ಮಗು ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ಬೆಕ್ಕಿಗಾದರೂ ಹಾಲು ಸಿಕ್ಕಿತ್ತು, ಇವರಿಗೆ ಸಿಕ್ಕಿದ್ದೇನು ಎಂದು ಅವಳಿಗೆ ಯೋಚಿಸಿದಷ್ಟೂ ಮೈ ಉರಿಯುತ್ತಿತ್ತು.

ಹತ್ತು ದಿನದ ಹಿಂದೆ ಮೂರನೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಫೋನ್ ಮಾಡಿದ್ದರು. ಅವರನ್ನು ಅವಳು ಒಮ್ಮೆ ಮಾತ್ರ ನೋಡಿದ್ದಳು. ಅಂಗಿಯ ತೋಳಿಗೆ ಬಣ್ಣ ಮೆತ್ತಿಕೊಂಡ, ಮಾತಿನ ನಡುವೆ ಎರಡು ಸಲ ಕ್ಷಮಿಸಿ ಅನ್ನುವ ಮನುಷ್ಯ. ‘ಕ್ಷಮಿಸಿ ಮೇಡಂ, ತೊಂದರೆ ಕೊಡ್ತಿದೀನಿ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಮೂರು ವಾರದಿಂದ ಬರ್ತಿಲ್ಲ. ಮನೆಯವರನ್ನ ಕೇಳಿದ್ರೆ ಮೈಗೆ ಹುಷಾರಿಲ್ಲ ಅಂತಾರೆ. ನಂಗ್ಯಾಕೋ ಹಾಗನ್ನಿಸಲ್ಲ. ಅವಳು ನಿಮ್ಮ ಫಾರಂನಲ್ಲಿ ಏನಾದ್ರೂ ಬರೆದಿದ್ಳಾ?’ ಅವಳ ಬಾಯಿಂದ ತಡೆಯಿಲ್ಲದೆ ಬಂದದ್ದು, ‘ಅದು ಗೌಪ್ಯ, ಸರ್. ಹೇಳೋ ಹಾಗಿಲ್ಲ.’ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳೇ ಬೆಚ್ಚಿದಳು. ಮೇಷ್ಟ್ರು ಮಾತ್ರ ನಿರಾಳವಾಗಿ ಉಸಿರುಬಿಟ್ಟರು. ‘ಸರಿ ಸರಿ, ಕ್ಷಮಿಸಿ. ನಂಗೆ ಹೇಳೋದು ಬೇಡ ಮೇಡಂ. ನಿಮಗೆ ಗೊತ್ತಿದ್ರೆ ಸಾಕು.’ ಫೋನು ಇಟ್ಟ ಮೇಲೆ ಅವಳು ಮುಖ ತೊಳೆದುಕೊಂಡು ಬಂದಳು, ಬಂದವಳು ಕುರ್ಚಿ ತಿರುಗಿಸಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮನುಷ್ಯ ನಂಬಿಬಿಟ್ಟ.

ಇವತ್ತು ಹನ್ನೊಂದಕ್ಕೆ ಅನುದಾನ ಸಮಿತಿಯ ಮುಂದೆ ಅವಳು ನಿಲ್ಲಬೇಕಿತ್ತು. ಬೆಳಿಗ್ಗೆ ಮನೆಯಲ್ಲಿ ಅವಳ ತಮ್ಮ ಕಾಫಿ ಲೋಟ ತಂದು ಮುಂದಿಟ್ಟು, ಬಿಳಿ ಹಾಳೆಗಳನ್ನು ಅವಳು ಮೂರನೇ ಸಲ ತಿರುವಿಹಾಕುತ್ತಿರುವುದನ್ನು ನೋಡುತ್ತ ನಿಂತಿದ್ದ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಲೋಟ ಹಿಡಿದಾಗ ಕೈ ನಡುಗುತ್ತದೆ, ಗಾಜು ಹಿಡಿದಾಗ ನಡುಗುವುದಿಲ್ಲ. ಅದು ಹೇಗೆ ಎಂದು ವೈದ್ಯರಿಗೂ ಗೊತ್ತಿಲ್ಲ. ‘ಏನಕ್ಕಾ, ಇವತ್ತೂ ಭಿಕ್ಷಾಪಾತ್ರೆ ಹಿಡ್ಕೊಂಡು ಹೊರಟ್ಯಾ?’ ಅಂದ. ಅವಳು ನಗಲಿಲ್ಲ. ‘ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದಕ್ಕಾದ್ರೆ ಎಷ್ಟು ಬೇಕಾದ್ರೂ ಕೊಡ್ತಾರೆ. ಬಾಗಿಲಿಗೆ ಒಳ್ಳೇ ಬಣ್ಣಾನೂ ಹೊಡೆಸ್ತಾರೆ. ನನ್ನ ಮೇಲೇ ಎಷ್ಟು ಸುರಿದ್ರು ನೋಡು, ಮೂರು ಆಸ್ಪತ್ರೆ.’ ಅವನು ಹೀಗೆ ತನ್ನನ್ನೇ ಗೇಲಿ ಮಾಡಿಕೊಂಡು ಮಾತಾಡುವಾಗ ಅವಳಿಗೆ ಅವನ ಮುಖ ನೋಡಲು ಆಗುವುದಿಲ್ಲ. ‘ನಿನ್ನನ್ನ ಆಗಲೇ ಯಾರಾದ್ರೂ ಕೇಳಿದ್ರೆ ಹೇಳ್ತಿದ್ಯಾ?’ ಎಂದು ಕೇಳಿದಳು, ಇಷ್ಟು ವರ್ಷದಲ್ಲಿ ಮೊದಲ ಸಲ. ಅವನು ಯೋಚಿಸಿದ. ‘ಸುಳ್ಳೇ ಹೇಳ್ತಿದ್ದೆ. ಎರಡನೇ ಸಲ ಕೇಳಿದ್ರೆ ಏನು ಹೇಳ್ತಿದ್ನೋ ಗೊತ್ತಿಲ್ಲ. ಯಾರೂ ಒಂದನೇ ಸಲಾನೂ ಕೇಳಲಿಲ್ವಲ್ಲ.’ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅಮ್ಮ ಕೇಳಿದ್ದಳು, ಆದರೆ ಅವನನ್ನಲ್ಲ. ಅವನಿಗೆ ಹದಿನೈದು, ಇವಳಿಗೆ ಹತ್ತೊಂಬತ್ತು. ಮೂರು ದಿನಕ್ಕೆ ಪರೀಕ್ಷೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ ದನಿ ತಗ್ಗಿಸಿ, ‘ಅವನ ಬ್ಯಾಗಲ್ಲಿ ಏನಾದ್ರೂ ಇದ್ಯಾ ನೋಡೇ, ನಂಗ್ಯಾಕೋ ಹೆದರಿಕೆ’ ಅಂದಿದ್ದಳು. ಬ್ಯಾಗಿನಲ್ಲಿ ಭೂಗೋಳದ ಪುಸ್ತಕದ ಕೆಳಗೆ ಕೆಮ್ಮಿನ ಔಷಧಿಯ ನಾಲ್ಕು ಖಾಲಿ ಬಾಟಲಿ ಇದ್ದವು, ಪ್ರತಿಯೊಂದನ್ನೂ ಕಾಲುಚೀಲದೊಳಗೆ ತೂರಿಸಿ ಸದ್ದಾಗದ ಹಾಗೆ ಇಟ್ಟಿದ್ದ. ಅವಳು ಆ ಕಾಲುಚೀಲಗಳನ್ನು ಇದ್ದ ಹಾಗೇ ಒಪ್ಪವಾಗಿ ತಿರುಗಿ ಇಟ್ಟಳು. ಹೇಳಿದರೆ ಅಪ್ಪ ಬೆಲ್ಟು ಬಿಚ್ಚುತ್ತಾರೆ, ಅಮ್ಮ ಅಳುತ್ತಾಳೆ, ಮನೆ ರಣರಂಗವಾಗುತ್ತದೆ, ಮೂರು ದಿನ ಓದುವುದಕ್ಕಾಗುವುದಿಲ್ಲ. ‘ಏನೂ ಇಲ್ಲಮ್ಮ’ ಅಂದಳು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು, ಮನಶ್ಶಾಸ್ತ್ರಕ್ಕೆ ಸೀಟು ಸಿಕ್ಕಿತು, ತಮ್ಮನ ಹನ್ನೊಂದು ವರ್ಷ ಎಲ್ಲೋ ಹೋಯಿತು. ಆಮೇಲೆ ಅವಳು ಎಷ್ಟೋ ವೇದಿಕೆಗಳ ಮೇಲೆ ನಿಂತು ‘ಬೇಗ ಗುರುತಿಸುವಿಕೆ’ ಎಂಬ ವಿಷಯದ ಮೇಲೆ ಭಾಷಣ ಮಾಡಿದ್ದಾಳೆ. ಚಪ್ಪಾಳೆ ಹೊಡೆದವರಿಗೆ ಏನು ಗೊತ್ತು.

ನಿರ್ದೇಶಕರು ಹತ್ತೂಮುಕ್ಕಾಲಿಗೆ ಸಮಿತಿಯ ಕೋಣೆಯ ಹೊರಗೆ ಅವಳನ್ನು ಗೋಡೆಯ ಕಡೆ ಕರೆದರು. ಕೆಟ್ಟವರಲ್ಲ ಅವರು. ಅದೇ ತಾಪತ್ರಯ, ಕೆಟ್ಟವರಾಗಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ‘ಹತ್ತು ನಿಮಿಷ ಅಂದಿದ್ದು ಈಗ ನಾಲ್ಕಾಗಿದೆ. ಚಿತ್ರಗಳು ಬೇಡ, ಮುಖ್ಯವಾದ್ದು ಹೇಳು. ಆಮೇಲೆ, ನೋಡು, ಆ ಬೀರುವಿನ ವಿಷಯ ಎತ್ತಬೇಡ. ಕಂತು ಬರಲಿ, ಇಬ್ಬರನ್ನ ತಗೊಂಡು ಮರುದಿನಾನೇ ತೆರೆಸೋಣ. ನಾನೇ ಮುಂದೆ ನಿಂತು ತೆರೆಸ್ತೀನಿ.’ ‘ಬರದಿದ್ರೆ?’ ಅಂದಳು. ‘ಅಪಶಕುನ ನುಡೀಬೇಡ ಮಾರಾಯ್ತಿ’ ಅಂದರು. ಅವರ ಅಂಗಿಯ ಜೇಬಿನಲ್ಲಿ ಮೂರು ಪೆನ್ನುಗಳಿದ್ದವು, ಮೂರರಲ್ಲೂ ಔಷಧಿ ಕಂಪನಿಯ ಹೆಸರಿತ್ತು. ಅವಳು ಒಳಗೆ ಹೋಗುವ ಮುಂಚೆ ಹೊರಗಿನ ಬೆಂಚಿನ ಮೇಲೆ ಇಪ್ಪತ್ತೈದು ನಿಮಿಷ ಕೂತಳು. ಅವಳ ಪಕ್ಕ ಕಟ್ಟಡದ ಗುತ್ತಿಗೆದಾರನೊಬ್ಬ ದೊಡ್ಡ ನಕ್ಷೆಯ ಸುರುಳಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನನ್ನು ಮೊದಲು ಕರೆದರು. ಅವನು ನಗುತ್ತ ಹೊರಬಂದು, ‘ನಲವತ್ತು ಹಾಸಿಗೆ, ಮೇಡಂ. ಹುಡುಗರಿಗೇ ಬೇರೆ ವಾರ್ಡು, ಕುಡಿತ ಬಿಡಿಸೋದಕ್ಕೆ. ಪೂರ್ತಿ ಹವಾನಿಯಂತ್ರಿತ. ಮಂಜೂರಾಯ್ತು’ ಎಂದು ಯಾರೂ ಕೇಳದೆ ಹೇಳಿದ. ನಲವತ್ತು ಹಾಸಿಗೆ ತುಂಬಲು ಯಾರಾದರೂ ಬೀಳಲೇಬೇಕಲ್ಲ ಎಂದು ಅವಳಿಗೆ ನಾಲಿಗೆಯ ತುದಿಗೆ ಬಂತು. ‘ಒಳ್ಳೇದಾಯ್ತು’ ಅಂದಳು.

ಸಮಿತಿಯಲ್ಲಿ ಐದು ಜನ, ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಮುಚ್ಚಳ ಬಿಚ್ಚದ ನೀರಿನ ಬಾಟಲಿ. ಅಧ್ಯಕ್ಷರು ಹೃದಯದ ಶಸ್ತ್ರಚಿಕಿತ್ಸಕರು, ಹೆಸರುವಾಸಿ, ಸಾವಿರಾರು ಎದೆ ಕೊಯ್ದು ಹೊಲಿದವರು. ಅವಳು ಒಂದು ನಿಮಿಷ ಮಾತಾಡುವಷ್ಟರಲ್ಲಿ ಕೈಯೆತ್ತಿದರು. ಮಾತು ಮೃದುವಾಗಿಯೇ ಇತ್ತು. ‘ನಂಗೊಂದು ಅರ್ಥ ಆಗ್ಲಿಲ್ಲಮ್ಮ. ನಾನು ಆಪರೇಷನ್ ಮಾಡಿದ್ರೆ ರೋಗಿ ಎದ್ದು ನಡೀತಾನೆ, ಕಣ್ಣಿಗೆ ಕಾಣುತ್ತೆ. ನೀವು ಹೇಳೋದು, ಮಕ್ಕಳಿಗೆ ಏನೂ ಆಗದ ಹಾಗೆ ಮಾಡ್ತೀವಿ ಅಂತ. ಏನೂ ಆಗಲಿಲ್ಲ ಅನ್ನೋದನ್ನ ತೋರಿಸೋದು ಹೇಗೆ? ಆಗದೇ ಇದ್ದದ್ದನ್ನ ಎಣಿಸೋದು ಹೇಗೆ?’ ಯಾರೋ ನಕ್ಕರು. ಇದಕ್ಕೆ ಉತ್ತರ ಅವಳ ಬಳಿ ಇತ್ತು, ಅಚ್ಚುಕಟ್ಟಾಗಿ, ಏಳನೇ ಪುಟದಲ್ಲಿ: ಮಾತಾಡಿಸಿದ ಶಾಲೆ, ಮಾತಾಡಿಸದ ಶಾಲೆ, ಎರಡರ ನಡುವಿನ ವ್ಯತ್ಯಾಸ. ಅವಳು ಹೇಳತೊಡಗಿದಳು. ಹೇಳುತ್ತಿರುವಾಗಲೇ ಒಬ್ಬರು ಫೋನು ನೋಡಿಕೊಳ್ಳುತ್ತಿದ್ದರು, ಇನ್ನೊಬ್ಬರು ಪಕ್ಕದವರಿಗೆ, ನಮ್ಮ ಕಾಲದಲ್ಲಿ ಬೇಜಾರು ಅಂದ್ರೆ ಅಪ್ಪ ಎರಡು ಬಿಡೋರು, ಬೇಜಾರು ಓಡಿಹೋಗ್ತಿತ್ತು ಎಂದು ಪಿಸುಮಾತಿನಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಪ್ಪನ ಬೆಲ್ಟು ಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿರುತ್ತಿತ್ತು. ತಮ್ಮ ಅದನ್ನು ಒಂದು ಸಲ ಕದ್ದು ಎಸೆದಾಗ, ಹೊಸದಕ್ಕೆ ಅಪ್ಪ ಅವನನ್ನೇ ಅಂಗಡಿಗೆ ಕಳಿಸಿದ್ದರು. ಏಳನೇ ಪುಟ ಎಲ್ಲಿಗೆ ಬಂತು ಅನ್ನುವುದು ಅವಳಿಗೆ ತಪ್ಪಿಹೋಯಿತು.

‘ಮುಂದಿನ ವರ್ಷ ನೋಡೋಣ’ ಎಂದು ಅಧ್ಯಕ್ಷರು ಕಾಗದಗಳನ್ನು ಜೋಡಿಸಿಕೊಂಡರು. ‘ಈ ವರ್ಷ ಕಟ್ಟಡಕ್ಕೇ ಹೋಗ್ತಿದೆ. ಕೆಲಸ ಒಳ್ಳೇದೇ, ಬೇಡ ಅಂತಲ್ಲ.’ ನಿರ್ದೇಶಕರು ಎದ್ದು ನಿಂತು ಧನ್ಯವಾದ ಅಂದೇಬಿಟ್ಟರು. ಅವಳು ಏಳಲಿಲ್ಲ. ಎದ್ದುಹೋಗಬೇಕು ಎಂದು ಕಾಲಿಗೆ ಹೇಳುತ್ತಿದ್ದಳು, ಬಾಯಿ ಬೇರೆ ದಾರಿ ಹಿಡಿದಿತ್ತು. ‘ಸರ್, ಆಗದೇ ಇದ್ದದ್ದನ್ನ ಬಿಡಿ. ಆಗಿರೋದನ್ನ ಎಣಿಸ್ತೀರಾ? ನನ್ನ ಕೋಣೇಲಿ ಆರುನೂರ ಹನ್ನೆರಡು ಲಕೋಟೆ ಇದೆ. ಮಕ್ಕಳು ಬರೆದುಕೊಟ್ಟಿರೋದು. ಬದುಕೋದು ಬೇಡ ಅನ್ನಿಸಿದ್ರೆ ಹೇಳಿ, ಎರಡು ದಿನದಲ್ಲಿ ಬರ್ತೀವಿ ಅಂತ ನಾವೇ ಹೇಳಿ ಬರೆಸಿಕೊಂಡಿದ್ದು. ಬರೆಸಿದ್ದು ಯಾಕೆ ಗೊತ್ತಾ? ವರ್ಷಾಂತ್ಯದ ವರದಿಗೆ. ಎರಡೂವರೆ ತಿಂಗಳಿಂದ ಒಂದನ್ನೂ ತೆರೆದಿಲ್ಲ.’ ನಿರ್ದೇಶಕರು ಗಂಟಲು ಸರಿಮಾಡಿಕೊಂಡರು, ಇನ್ನೊಂದು ಸಲ ಸರಿಮಾಡಿಕೊಂಡರು. ‘ಯಾಕೆ ತೆರೆದಿಲ್ಲ?’ ಎಂದು ಅಧ್ಯಕ್ಷರು ಕೇಳಿದರು. ಅವರ ಮುಖದಲ್ಲಿ ನಿಜವಾದ ಗಾಬರಿಯಿತ್ತು, ಒಂದು ಕ್ಷಣ ಅವಳಿಗೆ ಆಸೆಯಾಯಿತು. ‘ತೆರೆದರೆ ಹೋಗಿ ಮಾತಾಡಿಸಬೇಕು, ಸರ್. ತೆರೆಯದಿದ್ರೆ ಬೇಕಾಗಿಲ್ಲ. ಹಾಗಂತ ನಿಯಮ. ನಾನೇ ಬರೆದದ್ದು.’

ಆಗ ಮೇಜಿನ ತುದಿಯಲ್ಲಿದ್ದ ಕಾನೂನಿನ ಸದಸ್ಯೆ, ಅಷ್ಟು ಹೊತ್ತು ಒಂದು ಮಾತೂ ಆಡದಿದ್ದವರು, ಬರೆದುಕೊಳ್ಳುತ್ತಿದ್ದ ಗುಮಾಸ್ತನ ಕಡೆ ಬೆರಳು ತೋರಿಸಿ, ‘ಇದನ್ನ ನಡಾವಳಿಯಲ್ಲಿ ಬರೀಬೇಡಿ’ ಅಂದರು. ಆಮೇಲೆ ಇವಳ ಕಡೆ ತಿರುಗಿ, ದೊಡ್ಡಮ್ಮನೋ ಚಿಕ್ಕಮ್ಮನೋ ಬುದ್ಧಿ ಹೇಳುವ ದನಿಯಲ್ಲಿ, ‘ನೀವು ಹೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ ಅಂತ ಇಟ್ಕೊಳ್ಳೋಣ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಬಿದ್ದರೆ ನಾವು ಏನಾದ್ರೂ ಮಾಡ್ಬೇಕಾಗುತ್ತೆ’ ಅಂದರು. ಅಧ್ಯಕ್ಷರು ಅವರ ಮುಖ ನೋಡಿದರು, ಇವಳ ಮುಖ ನೋಡಿದರು, ಆಮೇಲೆ ತಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ಒಂದು ಗುಟುಕು ನೀರು ಕುಡಿದರು. ಗುಮಾಸ್ತ ಅದಾಗಲೇ ಬರೆದಿದ್ದ ಸಾಲನ್ನು ಹೊಡೆದುಹಾಕಿದ. ಸ್ಕೇಲು ಇಟ್ಟು, ನೀಟಾಗಿ ಹೊಡೆದ. ಹೀಗೂ ಉಂಟೆ? ಓದು ಬಲ್ಲ, ಮಕ್ಕಳುಮರಿ ಇರುವ, ಸಂಜೆ ಮನೆಗೆ ಹೋಗಿ ಮೊಮ್ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಐದು ಜನ ಒಂದು ಮೇಜಿನ ಸುತ್ತ ಕೂತು ಕಿವಿ ಕೇಳದ ಹಾಗೆ ಒಪ್ಪಂದ ಮಾಡಿಕೊಂಡರು, ಮತ್ತು ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದರು. ಅವಳಿಗೆ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಅವಳನ್ನು ತಡೆದದ್ದು ಸಂಕೋಚವಲ್ಲ. ಆ ಹೆಂಗಸಿನ ಮಾತು ಎಲ್ಲೋ ಕೇಳಿದ ಹಾಗಿತ್ತು: ಏನೂ ಇಲ್ಲಮ್ಮ. ಅದೇ ಶಾಂತ, ಅದೇ ಮನೆಯ ಒಳಿತಿನ ದನಿ. ಐದು ಜನರ ಮೇಲೆ ಏರಿದ್ದ ಸಿಟ್ಟು ಇಳಿಯದೆಯೇ ತಿರುಗಿ ಅವಳ ಮೇಲೂ ಬಂತು.

ಕಾರಿಡಾರಿನಲ್ಲಿ ನಿರ್ದೇಶಕರು ಹಿಂದೆಯೇ ಓಡಿಬಂದರು. ‘ನಿನಗೇನು ತಲೆ ಕೆಟ್ಟಿದೆಯಾ? ಮುಂದಿನ ವರ್ಷಾನೂ ಹೋಯ್ತು ಈಗ.’ ಅವಳು ನಡೆಯುತ್ತಲೇ, ‘ಬೀರು ತೆರೀತೀನಿ ಸರ್’ ಅಂದಳು. ‘ತೆರೆದು? ಯಾರು ಹೋಗ್ತಾರೆ? ಆರು ಶಾಲೆಗೆ ನೀನೊಬ್ಬಳೇ ಹೋಗ್ತೀಯಾ?’ ‘ಹೋಗ್ತೀನಿ.’ ‘ಎರಡು ದಿನದಲ್ಲಿ?’ ಇದಕ್ಕೆ ಅವಳು ನಿಂತಳು. ಎರಡು ದಿನದಲ್ಲಿ ಆಗುವುದಿಲ್ಲ. ಅದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ನಿಯಮಭಂಗವಾಗುತ್ತದೆ, ನೋಟೀಸು ಬರುತ್ತದೆ, ಇಪ್ಪತ್ತೆರಡು ವರ್ಷದ ಕೆಲಸ ಹೋಗಲೂಬಹುದು. ಆ ಮಕ್ಕಳ ಮುಂದೆ ಅದೇನೂ ದೊಡ್ಡ ವಿಷಯವಲ್ಲ ಅನ್ನಿಸಿತು. ‘ಆಗಲ್ಲ ಸರ್. ಆಗಲ್ಲ ಅಂತ ನೀವೇ ಬರೆದು ಮೇಲಕ್ಕೆ ಕಳಿಸಿ. ಯಾರಾದ್ರೂ ಓದಲಿ.’ ಅವರು ಜೇಬಿನ ಪೆನ್ನುಗಳನ್ನು ಸರಿಮಾಡಿಕೊಂಡು, ಲಿಫ್ಟಿನ ಕಡೆ ನಡೆದರು.

ಕೋಣೆಗೆ ಬಂದು ಕುರ್ಚಿಯನ್ನು ಬೀರುವಿನ ಹತ್ತಿರ ಎಳೆದುಕೊಂಡಳು. ಮೂರನೇ ಶಾಲೆಯ ಪೆಟ್ಟಿಗೆಯನ್ನೇ ಮೊದಲು ತೆಗೆದಳು. ನ್ಯಾಯವಾಗಿ ಒಂದರಿಂದ ಶುರುಮಾಡಬೇಕಿತ್ತು. ನ್ಯಾಯದ ಮಾತು ಈ ಕೋಣೆಯಲ್ಲಿ ಯಾರೂ ಆಡುವ ಹಾಗಿರಲಿಲ್ಲ. ಮೇಷ್ಟ್ರು ಹುಡುಗಿಯ ಹೆಸರು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ; ಡ್ರಾದಿಂದ ಪಟ್ಟಿ ತೆಗೆದು ಒಂಬತ್ತನೇ ತರಗತಿಯ ಹುಡುಗಿಯರ ಸಂಖ್ಯೆಗಳನ್ನು ಗುರುತು ಮಾಡಿಕೊಂಡು, ಒಂದೊಂದೇ ಲಕೋಟೆ ಕತ್ತರಿಸತೊಡಗಿದಳು. ಹಸಿರು ಚೀಟಿಗಳು ಒಣಗಿ ಮುಟ್ಟಿದರೆ ಉದುರುತ್ತಿದ್ದವು. ಮೊದಲನೆಯದರಲ್ಲಿ ಎಲ್ಲಕ್ಕೂ ‘ಇಲ್ಲ’. ಎರಡನೆಯದರಲ್ಲಿ ಎಲ್ಲಕ್ಕೂ ‘ಇಲ್ಲ’, ಕೆಳಗೆ ಒಂದು ನಗುವ ಮುಖ. ನಾಲ್ಕನೆಯದರಲ್ಲಿ ಸಿಗರೇಟಿನ ಪ್ರಶ್ನೆಗೆ ‘ಒಮ್ಮೊಮ್ಮೆ’ ಎಂದು ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿತ್ತು. ಆ ಅಳಿಸಿದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. ಎಷ್ಟು ಜತನದಿಂದ ಬರೆದಿದ್ದರು! ಪರೀಕ್ಷೆಯಲ್ಲೂ ಇಷ್ಟು ದುಂಡಗೆ ಬರೆದಿರಲಾರರು. ಹೇಳಿದ್ದನ್ನು ನಂಬಿ, ತುಟಿ ಕಚ್ಚಿಕೊಂಡು, ಪಕ್ಕದವರಿಗೆ ಕಾಣದ ಹಾಗೆ ಮೊಣಕೈ ಅಡ್ಡ ಇಟ್ಟುಕೊಂಡು ಬರೆದದ್ದು ಎರಡೂವರೆ ತಿಂಗಳು ಕತ್ತಲೆಯಲ್ಲಿ ಮುಚ್ಚಿದ ಬಾವಿಯ ನೀರಿನ ಹಾಗೆ ಕೂತಿತ್ತು. ಹದಿಮೂರು ಲಕೋಟೆ ಆಗುವಷ್ಟರಲ್ಲಿ ಹತ್ತೊಂಬತ್ತನೆಯ ಪ್ರಶ್ನೆಗೆ ‘ಹಲವು ಸಲ’ ಎಂದವರು ಇಬ್ಬರು ಸಿಕ್ಕರು. ಹೆಸರು, ತರಗತಿ ಬೇರೆ ಹಾಳೆಯಲ್ಲಿ ಬರೆದುಕೊಂಡಳು. ನಾಳೆ ಬೆಳಿಗ್ಗೆಯೇ ಹೋಗಬೇಕು.

ಹದಿನಾಲ್ಕನೆಯದು ಅವಳದೇ, ಶಾಲೆಗೆ ಬರದೆ ಇದ್ದ ಹುಡುಗಿಯದು, ಓದುತ್ತಲೇ ಗೊತ್ತಾಯಿತು. ಹನ್ನೆರಡನೆಯ ಪ್ರಶ್ನೆ ಮಾತ್ರೆಗಳದ್ದು. ‘ದಿನವೂ’ ಎಂದು ಗುರುತು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಅಜ್ಜಿಯ ನಿದ್ದೆ ಮಾತ್ರೆ, ಮೊದಲು ನಿದ್ದೆಗೆ ಮಾತ್ರ ತಗೊಳ್ತಿದ್ದೆ’. ಹತ್ತೊಂಬತ್ತಕ್ಕೆ ‘ದಿನವೂ’. ಅದರ ಕೆಳಗೆ ಬರೆಯಲು ಜಾಗವಿರಲಿಲ್ಲ, ಹಾಗಾಗಿ ಅಂಚಿನ ಉದ್ದಕ್ಕೂ ಕಾಗದ ತಿರುಗಿಸಿಕೊಂಡು ಬರೆದಿದ್ದಳು: ‘ಮೇಡಂ, ಎರಡು ದಿನಾನೂ ಸ್ಕೂಲಿಗೆ ಬಂದೇ ಬರ್ತೀನಿ, ರಜ ಹಾಕಲ್ಲ. ಮನೆಗೆ ಬರಬೇಡಿ. ಸ್ಕೂಲಲ್ಲಿ ಆಗದಿದ್ರೆ ಅಮ್ಮನ ಫೋನು ಮೂರರಿಂದ ಐದರ ತನಕ ನನ್ನ ಹತ್ರ ಇರುತ್ತೆ.’ ಕೆಳಗೆ ಹತ್ತು ಅಂಕಿ. ಒಂದು ಅಂಕಿ ಸರಿಯಾಗಿ ಮೂಡಿಲ್ಲವೆಂದು ಅದರ ಮೇಲೆ ಮತ್ತೊಮ್ಮೆ ತಿದ್ದಿದ್ದಳು. ಇವಳು ಅದನ್ನು ಓದಿ ಮುಗಿಸಿ ಗಡಿಯಾರ ನೋಡಿದಳು. ಸಮಯ ಎರಡೂವರೆ. ಅಷ್ಟು ಹೊತ್ತು ಹೊಟ್ಟೆಗೆ ಏನೂ ಹಾಕಿಕೊಂಡಿಲ್ಲ ಅನ್ನುವುದು ನೆನಪಾಯಿತು, ಊಟದ ಡಬ್ಬಿ ತೆರೆದಳು, ಹಾಗೇ ಮುಚ್ಚಿಟ್ಟಳು. ಬದುಕಿದ್ದಾಳೆ ತಾನೇ? ಮೂರು ವಾರದಿಂದ ಶಾಲೆಗೆ ಬಂದಿಲ್ಲ ಎಂದು ಮೇಷ್ಟ್ರು ಹೇಳಿ ಹತ್ತು ದಿನ. ಹೇಳಿದಾಗ ಏನೆಂದಳು ಇವಳು? ಗೌಪ್ಯ. ಹಾಳಾಗಿ ಹೋಗಲಿ ಈ ನಾಲಿಗೆ. ಮೂರಕ್ಕೆ ಇನ್ನೂ ಅರ್ಧ ಗಂಟೆ ಇತ್ತು, ಮುಂಚೆ ಮಾಡಿದರೆ ಅಮ್ಮ ಎತ್ತಬಹುದು. ಕಾಯುವುದು ಅಂದರೇನು ಎಂದು ಗೋಡೆಗಡಿಯಾರದ ಮುಳ್ಳು ಅವಳಿಗೆ ನಿಧಾನವಾಗಿ ಕಲಿಸಿತು.

ಮೂರು ದಾಟಿ ಒಂದು ನಿಮಿಷಕ್ಕೆ ಒತ್ತಿದಳು. ಆರು ಸಲ ರಿಂಗಾಯಿತು. ಏಳನೆಯದಕ್ಕೆ ಯಾರೋ ಎತ್ತಿದರು, ಮಾತಾಡಲಿಲ್ಲ, ಉಸಿರು ಮಾತ್ರ ಕೇಳಿಸಿತು.

‘ನಾನು... ಸ್ಕೂಲಿಗೆ ಬಂದಿದ್ದೆನಲ್ಲ, ಲಕೋಟೆ ತಗೊಂಡು.’

‘ಲಕೋಟೆ ಮೇಡಮ್ಮಾ?’ ಎಂದು ಒಂದು ತೆಳು ದನಿ ಬಂತು, ನಿದ್ದೆಯಿಂದ ಎದ್ದ ಹಾಗೆ, ಮಾತು ಒಂದಕ್ಕೊಂದು ಅಂಟಿಕೊಂಡು. ಬದುಕಿದ್ದಾಳೆ.

‘ಹೌದು ಪುಟ್ಟ.’

‘ನಾನು ಬರೆದಿದ್ದು ಓದಿದ್ರಾ?’

ಸುಳ್ಳುಗಳು ಸಾಲಾಗಿ ಬಂದು ನಿಂತವು, ಒಂದಕ್ಕಿಂತ ಒಂದು ಮೃದು: ಅಂಚೆಯಲ್ಲಿ ತಡವಾಯಿತು, ಬೇರೆ ಊರಿಗೆ ಹೋಗಿದ್ದೆ, ನಿನ್ನ ಲಕೋಟೆ ಕೆಳಗೆ ಸೇರಿಕೊಂಡಿತ್ತು. ಇಪ್ಪತ್ತೆರಡು ವರ್ಷ ಇದೇ ಕಸುಬು, ಮೃದುವಾಗಿ ಹೇಳುವುದು.

‘ಇವತ್ತು ಓದಿದೆ,’ ಅಂದಳು. ‘ಇವತ್ತು ಮಧ್ಯಾಹ್ನ. ಅಲ್ಲೀತನಕ ತೆರೆದೇ ಇರಲಿಲ್ಲ. ತಪ್ಪು ನಮ್ಮದು. ನನ್ನದು.’

‘ಎರಡು ದಿನ ಅಂದಿದ್ರಿ.’ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

‘ಅಂದಿದ್ದೆ. ಎಪ್ಪತ್ತೊಂಬತ್ತು ದಿನ ಆಯ್ತು.’

ಆ ಕಡೆ ಏನೋ ಸರಿದ ಸದ್ದಾಯಿತು, ಹಾಸಿಗೆಯ ಮೇಲೆ ಎದ್ದು ಕೂತಳೇನೋ.

‘ಎಂಬತ್ತು, ಮೇಡಂ,’ ಅಂದಳು ಹುಡುಗಿ. ‘ನೀವು ಬರೆಸಿದ ದಿನ ಬಿಟ್ಟಿದೀರ. ನಾನು ಅವತ್ತಿಂದಾನೇ ಕಾಯ್ತಿದ್ದೆ.’